ಚಳಿಯಲ್ಲಿ ಕೈಯೇ ಕೈಕೊಟ್ಟರೆ

(ಫೋಟೋಗ್ರಫಿ ಆಸಕ್ತರ ಒಂದು ಸಭೆಯಲ್ಲಿ ಆಡಿದ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಒಂದೇ ವಿಷಯವನ್ನು ಎರಡೆರಡು ಸಲ ಹೇಳಿದ್ದ ಕಡೆ ಕತ್ತರಿ ಆಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ಲೌಸ್ ಬಗ್ಗೆ ಒಂದು ಗಂಟೆ ಮಾತಾಡುವಂಥದ್ದು ಏನಿದೆ ಅಂತ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ನನಗೂ ಒಂದು ಕಾಲಕ್ಕೆ ಹಾಗೇ ಅನ್ನಿಸುತ್ತಿತ್ತು. ಲೆನ್ಸ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಗ್ಲೌಸ್ ಮಾತ್ರ ಹೊರಡುವ ಹಿಂದಿನ ರಾತ್ರಿ ಕಪಾಟಿನಲ್ಲಿ ಕಂಡದ್ದು. ಆ ಉಡಾಫೆ ಇಳಿದದ್ದು ಒಂದು ಬೆಳಗಿನ ಜಾವ.

ಹೆಪ್ಪುಗಟ್ಟಿದ ಒಂದು ಸರೋವರದ ದಡದಲ್ಲಿ ಕೂತಿದ್ದೆ. ಚೀಲಕ್ಕೆ ಸಿಕ್ಕಿಸಿದ್ದ ಥರ್ಮಾಮೀಟರ್ ಮೈನಸ್ 18 ಡಿಗ್ರಿ ತೋರಿಸುತ್ತಿತ್ತು. ಎರಡು ಗಂಟೆ ಕಾದ ಮೇಲೆ ಆಚೆ ದಡದ ಪೊದೆಯಿಂದ ಒಂದು ನರಿ ಇಳಿದು ಮಂಜುಗಡ್ಡೆಯ ಮೇಲೆ ನಡೆಯತೊಡಗಿತು. ನನ್ನ ಕೈಯಲ್ಲಿದ್ದದ್ದು ದಪ್ಪನೆಯ ಸ್ಕೀ ಗ್ಲೌಸ್. ಅದರೊಳಗಿಂದ ಶಟರ್ ಬಟನ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಕಿದೆ. ಬರಿಗೈಯಲ್ಲಿ ಡಯಲ್ ತಿರುಗಿಸಿದೆ, ಲೆನ್ಸ್ ಹಿಡಿದೆ, ಫೋಕಸ್ ಮಾಡಿದೆ. ನರಿ ಇನ್ನೂ ದೂರವಿತ್ತು, ಹತ್ತಿರ ಬರಲಿ ಅಂತ ಬೆರಳನ್ನು ಬಟನ್ ಮೇಲೇ ಇಟ್ಟುಕೊಂಡು ಕಾದೆ. ಎರಡು ಮೂರು ನಿಮಿಷ ಇರಬಹುದು. ಅದು ಸರಿಯಾಗಿ ಚೌಕಟ್ಟಿನ ನಡುವೆ ಬಂದು ನಿಂತು ನನ್ನತ್ತ ನೋಡಿತು. ಒತ್ತಿದೆ. ಶಬ್ದ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಒತ್ತಿದೆ ಅಂತ ನನಗೆ ಅನ್ನಿಸುತ್ತಿತ್ತು, ಅಷ್ಟೇ. ಬೆರಳು ಮರದ ತುಂಡಿನ ಹಾಗೆ ಅರ್ಧ ಒತ್ತಿದ ಜಾಗದಲ್ಲೇ ನಿಂತಿತ್ತು. ಅರ್ಧ ಒತ್ತಿದರೆ ಫೋಕಸ್ ಮಾತ್ರ, ಪೂರ್ತಿ ಒತ್ತಿದರೇನೇ ಫೋಟೋ. ಆಮೇಲೆ ಮೆಮೊರಿ ಕಾರ್ಡ್ ನೋಡಿದರೆ ಒಂದೇ ಒಂದು ಫೋಟೋ. ಅದೂ ನರಿ ಹೋದ ಮೇಲಿನ ಖಾಲಿ ಮಂಜುಗಡ್ಡೆಯದು.

ಕ್ಯಾಮೆರಾ ಸರಿಯಾಗಿತ್ತು. ಬ್ಯಾಟರಿಯಲ್ಲಿ ಜೀವ ಇತ್ತು. ಕೈಯೇ ಕೈಕೊಟ್ಟಿತ್ತು.

ಅವತ್ತಿನಿಂದ ಗ್ಲೌಸ್ ನೋಡುವ ನನ್ನ ಲೆಕ್ಕ ಬದಲಾಯಿತು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಇದು ಎಷ್ಟು ಬೆಚ್ಚಗಿರುತ್ತೆ?’ ಅಂತ. ನಾನು ಈಗ ಮೊದಲು ಕೇಳಿಕೊಳ್ಳುವುದು, ಇದನ್ನು ಹಾಕಿಕೊಂಡರೆ ಬರಿಗೈ ಎಷ್ಟು ಸಲ ಹೊರಗೆ ಬರಬೇಕಾಗುತ್ತದೆ ಅಂತ. ಜಗತ್ತಿನಲ್ಲೇ ಅತಿ ಬೆಚ್ಚಗಿನ ಗ್ಲೌಸ್ ಆಗಿದ್ದರೂ ಐದು ನಿಮಿಷಕ್ಕೊಮ್ಮೆ ಬಿಚ್ಚಿ ಜೇಬಿಗೆ ಹಾಕಬೇಕು ಅಂದರೆ ಅದು ಜೇಬನ್ನು ಬೆಚ್ಚಗಿಡುತ್ತದೆ, ಕೈಯನ್ನಲ್ಲ. ಇವತ್ತಿನ ಮಾತೆಲ್ಲ ಈ ಒಂದು ಗೂಟಕ್ಕೆ ಕಟ್ಟಿದ್ದು.

ಮೊದಲು ಬೆರಳಿಗೆ ಯಾಕೆ ಇಷ್ಟು ಬೇಗ ಚಳಿ ಹತ್ತುತ್ತದೆ ಅಂತ ನೋಡೋಣ. ಇದು ಗೊತ್ತಾದರೆ ಅರ್ಧ ಆಯ್ಕೆ ತಾನಾಗಿ ಆಗುತ್ತದೆ.

ಮೈಗೆ ಚಳಿ ಅನ್ನಿಸಿದ ಕೂಡಲೇ ದೇಹ ಮಾಡುವ ಮೊದಲ ಕೆಲಸ ಉಳಿತಾಯ. ಹೃದಯ, ಮಿದುಳು, ಹೊಟ್ಟೆಯೊಳಗಿನ ಅಂಗಗಳು ಬೆಚ್ಚಗಿರಬೇಕು. ಬೆರಳು ಆಮೇಲೆ. ಹಾಗಾಗಿ ಕೈಕಾಲಿನ ತುದಿಯ ರಕ್ತನಾಳಗಳನ್ನು ಕುಗ್ಗಿಸಿಬಿಡುತ್ತದೆ. ಬೆರಳಿಗೆ ಶಾಖ ಬರುವುದೇ ರಕ್ತದ ಜೊತೆ. ಬೆರಳನ್ನು ಮಡಚಿ ಬಿಚ್ಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈ ಕೆಳಗಿನ ಮುಂದೋಳಿನಲ್ಲಿವೆ. ಅಲ್ಲಿಂದ ದಾರದ ಹಾಗೆ ಸ್ನಾಯುರಜ್ಜುಗಳು ಬಂದು ಬೆರಳನ್ನು ಎಳೆಯುತ್ತವೆ, ಬೊಂಬೆಯಾಟದ ಹಾಗೆ. ಅಂದರೆ ಬೆರಳು ತಾನಾಗಿ ಹೆಚ್ಚು ಶಾಖ ಹುಟ್ಟಿಸುವ ಜಾಗವೇ ಅಲ್ಲ. ಗ್ಲೌಸ್ ಕೂಡ ಹುಟ್ಟಿಸುವುದಿಲ್ಲ. ಬಂದ ಶಾಖವನ್ನು ಹಿಡಿದಿಡುತ್ತದೆ, ಅಷ್ಟೇ. ಬರದೇ ಇದ್ದರೆ ಹಿಡಿಯಲು ಏನೂ ಇಲ್ಲ.

ಅದಕ್ಕೇ ‘ಕೈ ತಣ್ಣಗಾದರೆ ಟೋಪಿ ಹಾಕಿಕೋ’ ಅಂತ ಬೆಟ್ಟ ಹತ್ತುವವರು ಹೇಳುವುದು. ತಮಾಷೆ ಅನ್ನಿಸುತ್ತೆ, ಆದರೆ ಮಾತು ಸರಿ. ಎದೆ, ಕತ್ತು, ತಲೆ ಬೆಚ್ಚಗಿದ್ದರೆ ದೇಹ ಬೆರಳಿಗೆ ರಕ್ತ ಕಳಿಸಲು ಜಿಪುಣತನ ಮಾಡುವುದಿಲ್ಲ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತವೆ. ನಾಡಿ ನೋಡುವುದು ಅಲ್ಲೇ ಅಲ್ವಾ? ಜಾಕೆಟ್ ತೋಳಿಗೂ ಗ್ಲೌಸಿಗೂ ನಡುವೆ ಎರಡು ಬೆರಳಗಲ ಜಾಗ ತೆರೆದಿದ್ದರೆ, ಬೆರಳಿಗೆ ಹೋಗಬೇಕಾದ ರಕ್ತ ಅಲ್ಲೇ ತಣ್ಣಗಾಗಿ ಹೋಗುತ್ತದೆ. ಕ್ಯಾಮೆರಾವನ್ನು ಕಣ್ಣಿಗೆ ಎತ್ತಿದಾಗ ತೋಳು ಹಿಂದಕ್ಕೆ ಸರಿಯುತ್ತದೆ. ಆಗಲೇ ಆ ಜಾಗ ಬಾಯಿ ತೆರೆಯುವುದು. ಆದ್ದರಿಂದ ಗ್ಲೌಸ್ ಹಾಕಿ ನೋಡುವಾಗ ಕೈ ಕೆಳಗಿಟ್ಟು ನೋಡಬೇಡಿ. ಕ್ಯಾಮೆರಾ ಎತ್ತಿ ನೋಡಿ.

ಇನ್ನೊಂದು ಕಷ್ಟ ಬೆರಳಿನ ಆಕಾರದ್ದು. ತೆಳ್ಳಗಿನ ಕೊಳವೆಗೆ ಮೈ ಜಾಸ್ತಿ, ಒಳಗಿನ ಗಾತ್ರ ಕಮ್ಮಿ. ಶಾಖ ಸೋರಲು ಇದಕ್ಕಿಂತ ಒಳ್ಳೆಯ ಆಕಾರ ಸಿಗದು. ಅದರ ಸುತ್ತ ಬಟ್ಟೆ ದಪ್ಪ ಮಾಡುತ್ತಾ ಹೋದರೆ ಹೊರಮೈಯೂ ಹಿಗ್ಗುತ್ತಾ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ದಪ್ಪ ಮಾಡಿದಷ್ಟು ಲಾಭ ಸಿಗುವುದಿಲ್ಲ, ಕೈ ಮಾತ್ರ ಒಡ್ಡೊಡ್ಡಾಗುತ್ತದೆ. ಮೂಗಿಗಿಂತ ಮೂಗುತಿ ಭಾರ. ನಾಲ್ಕು ಬೆರಳನ್ನೂ ಒಂದೇ ಚೀಲದಲ್ಲಿ ಕೂರಿಸುವ ಮಿಟನ್ ಗೆಲ್ಲುವುದು ಇಲ್ಲೇ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಂದರ ಶಾಖ ಇನ್ನೊಂದಕ್ಕೆ ಕೊಡುತ್ತವೆ. ಒಂದೇ ಬಟ್ಟೆಯ ಗ್ಲೌಸ್ ಮತ್ತು ಮಿಟನ್ ಇಟ್ಟರೆ ಯಾವಾಗಲೂ ಮಿಟನ್ನೇ ಬೆಚ್ಚಗೆ.

ಬೆರಳು ತಣ್ಣಗಾದಾಗ ಹೋಗುವುದು ಸುಖ ಮಾತ್ರ ಅಲ್ಲ, ಕಸುಬೂ ಹೋಗುತ್ತದೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದಾಗ ಕೈಚಳಕ ಕುಂದುವುದು ಎದ್ದು ಕಾಣುತ್ತದೆ. ಸುಮಾರು 8 ಡಿಗ್ರಿಯ ಹತ್ತಿರ ಸ್ಪರ್ಶ ಬಹುಪಾಲು ಸತ್ತೇಹೋಗುತ್ತದೆ. ಚರ್ಮ ಹೆಪ್ಪುಗಟ್ಟುವುದು ಸೊನ್ನೆಗಿಂತ ಕೆಳಗೆ. ಅಂದರೆ ಬೆರಳಿಗೆ ನಿಜವಾದ ಅಪಾಯ ಬರುವುದಕ್ಕೆ ಎಷ್ಟೋ ಮೊದಲೇ ಫೋಟೋ ಕೈತಪ್ಪಿರುತ್ತದೆ. ಅರ್ಧ ಒತ್ತಿದೆನೋ ಪೂರ್ತಿ ಒತ್ತಿದೆನೋ ಅನ್ನುವ ವ್ಯತ್ಯಾಸ ತಿಳಿಯಲು ಬೇಕಾದದ್ದು ಸ್ಪರ್ಶ. ನರಿಯ ಎದುರು ನಾನು ಕಳೆದುಕೊಂಡದ್ದು ಅದನ್ನೇ.

ಸುಮಾರು ಹೊತ್ತು ಚಳಿಯಲ್ಲಿದ್ದರೆ ಬೆರಳು ಇದ್ದಕ್ಕಿದ್ದ ಹಾಗೆ ಬೆಚ್ಚಗಾಗಿ ಜುಮುಗುಟ್ಟುತ್ತದೆ, ಮತ್ತೆ ತಣ್ಣಗಾಗುತ್ತದೆ. ನಿಮ್ಮಲ್ಲಿ ಕೆಲವರು ಗಮನಿಸಿರಬಹುದು. ಕುಗ್ಗಿದ ರಕ್ತನಾಳಗಳು ಆಗಾಗ ತೆರೆದುಕೊಳ್ಳುವುದರಿಂದ ಹೀಗಾಗುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲೇ ಇದನ್ನು ವಿವರಿಸಿದ್ದರು. ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ. ಆದ್ದರಿಂದ ‘ನನ್ನ ಫ್ರೆಂಡ್‌ಗೆ ಈ ಗ್ಲೌಸ್ ಸಾಕಾಯ್ತು’ ಅನ್ನುವ ಮಾತನ್ನು ನಂಬಿ ಹೊರಡಬೇಡಿ. ಅವರ ಬೆರಳು ಬೇರೆ, ನಿಮ್ಮ ಬೆರಳು ಬೇರೆ.

ಈಗ ಲೋಹದ ವಿಷಯ. ಇದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟು.

ಚಳಿಯಲ್ಲಿ ರಾತ್ರಿಯಿಡೀ ಇಟ್ಟ ಅಲ್ಯೂಮಿನಿಯಂ ಟ್ರೈಪಾಡ್ (ಕ್ಯಾಮೆರಾ ಕೂರಿಸುವ ಮುಕ್ಕಾಲಿ), ಪ್ಲಾಸ್ಟಿಕ್ ಡಬ್ಬಿ ಎರಡೂ ಅಷ್ಟೇ ತಣ್ಣಗಿರುತ್ತವೆ. ಆದರೆ ಮುಟ್ಟಿದರೆ ಟ್ರೈಪಾಡ್ ಕಚ್ಚುತ್ತದೆ. ಅಲ್ಯೂಮಿನಿಯಂ ಪ್ಲಾಸ್ಟಿಕ್‌ಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನಿಮ್ಮ ಬೆರಳಿನ ಬಿಸಿಯನ್ನು ಹೀರಿ, ಕಾಲಿನುದ್ದಕ್ಕೂ ಹಂಚಿ, ಇನ್ನೂ ಕೊಡು ಅನ್ನುತ್ತದೆ. ಬೆರಳಲ್ಲಿ ತುಸು ತೇವ ಇದ್ದರಂತೂ ಅದು ಹೆಪ್ಪುಗಟ್ಟಿ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ.

ಹರ್ಬರ್ಟ್ ಪಾಂಟಿಂಗ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ 1910ರಲ್ಲಿ ಹೊರಟ ಅಂಟಾರ್ಕ್ಟಿಕಾ ಯಾತ್ರೆಗೆ ಹೋದವರು. ಒಮ್ಮೆ ಫೋಕಸ್ ಮಾಡುತ್ತಾ ತುಟಿ ಒದ್ದೆ ಮಾಡಿಕೊಳ್ಳಲು ನಾಲಿಗೆ ಹೊರಗೆ ಚಾಚಿದರು. ತುದಿ ಕ್ಯಾಮೆರಾದ ಲೋಹಕ್ಕೆ ತಾಗಿತು. ತಾಗಿದ್ದೇ ತಡ, ಅಂಟಿಕೊಂಡಿತು. ಕಿತ್ತುಕೊಳ್ಳದೆ ಬೇರೆ ದಾರಿ ಇರಲಿಲ್ಲ. ನಾಲಿಗೆಯ ತುದಿಯ ಚರ್ಮ ಕ್ಯಾಮೆರಾದಲ್ಲೇ ಉಳಿಯಿತು, ಬಾಯಿ ತುಂಬ ರಕ್ತ. ಆ ಯಾತ್ರೆಯಲ್ಲಿ ಅವರ ಫೋಟೋಗಾಗಿ ಚಳಿಯಲ್ಲಿ ನಡುಗುತ್ತಾ ಭಂಗಿ ಕೊಟ್ಟು ನಿಲ್ಲುವುದಕ್ಕೆ ಜೊತೆಗಾರರು ‘ಪಾಂಟ್ ಮಾಡುವುದು’ ಅಂತ ಒಂದು ಕ್ರಿಯಾಪದವನ್ನೇ ಹುಟ್ಟುಹಾಕಿದ್ದರಂತೆ! ಅದು ಬೇರೆ ಕಥೆ. ನಾನು ಹೇಳಬೇಕಾದದ್ದು ಇಷ್ಟು: ತೀವ್ರ ಚಳಿಯಲ್ಲಿ ಬರಿ ಚರ್ಮಕ್ಕೂ ಲೋಹಕ್ಕೂ ನಡುವೆ ಏನಾದರೂ ಒಂದು ಇರಲೇಬೇಕು. ಕಾಗದದಷ್ಟು ತೆಳ್ಳಗಿನ ಬಟ್ಟೆಯಾದರೂ ಪರವಾಗಿಲ್ಲ.

ಸರಿ, ಈಗ ಗ್ಲೌಸಿಗೆ ಬರೋಣ. ಆದರೆ ಅದಕ್ಕೂ ಮೊದಲು ಒಂದು ಕೆಲಸ. ಈಗಲೇ ನಿಮ್ಮ ಕ್ಯಾಮೆರಾ ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದು ಫೋಟೋ ತೆಗೆಯುವಾಗ ಯಾವ ಬೆರಳು ಏನು ಮಾಡುತ್ತದೆ ನೋಡಿ. ಬಲಗೈ ತೋರುಬೆರಳು ಶಟರ್ ಒತ್ತುತ್ತದೆ, ಮುಂದಿನ ಡಯಲ್ ತಿರುಗಿಸುತ್ತದೆ. ಬಲಗೈ ಹೆಬ್ಬೆರಳು ಹಿಂದಿನ ಡಯಲ್, ಫೋಕಸ್ ಬಟನ್, ಆ ಪುಟಾಣಿ ಜಾಯ್‌ಸ್ಟಿಕ್. ಉಳಿದ ಮೂರು ಬೆರಳು? ಸುಮ್ನೆ ಹಿಡಿದುಕೊಂಡಿರುತ್ತವೆ. ಎಡಗೈ ಲೆನ್ಸಿನ ಕೆಳಗೆ ಕೂತು ಜೂಮ್ ಉಂಗುರ ತಿರುಗಿಸುತ್ತದೆ. ಅದು ದಪ್ಪ ಕೆಲಸ.

ಹತ್ತು ಬೆರಳಲ್ಲಿ ನಾಜೂಕು ಕೆಲಸ ಇರುವುದು ಎರಡಕ್ಕೆ. ಆ ಎರಡಕ್ಕೋಸ್ಕರ ಹತ್ತನ್ನೂ ತೆಳ್ಳಗಿನ ಬಟ್ಟೆಯಲ್ಲಿ ನಡುಗಿಸುವುದು ಯಾಕೆ? ಎರಡೂ ಕೈಗೆ ಒಂದೇ ಥರದ ಗ್ಲೌಸ್ ಹಾಕಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ನಾನು ಎಷ್ಟೋ ಸಲ ಎಡಗೈಗೆ ದಪ್ಪ ಮಿಟನ್, ಬಲಗೈಗೆ ತೆಳ್ಳಗಿನ ಗ್ಲೌಸ್ ಹಾಕಿಕೊಂಡು ಕೂತಿದ್ದೇನೆ. ನೋಡಿದವರು ನಗುತ್ತಾರೆ. ನಗಲಿ.

ಮಾರುಕಟ್ಟೆಯಲ್ಲಿ ಕ್ಯಾಮೆರಾ ಗ್ಲೌಸ್ ಅಂತ ಸಿಗುವವು ಹೆಚ್ಚುಕಡಿಮೆ ನಾಲ್ಕು ಜಾತಿ. ಬೆರಳ ತುದಿಯೇ ಇಲ್ಲದ ಗ್ಲೌಸ್ ಒಂದು. ಅದನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಸೊನ್ನೆಗಿಂತ ಮೇಲಿನ ಚಳಿಗೆ ಸರಿ, ಅದಕ್ಕಿಂತ ಕೆಳಗೆ ಅದು ಬೆಚ್ಚಗಿಡುವುದು ಚಳಿಯೇ ಆಗದ ಅಂಗೈಯನ್ನು. ಎರಡನೆಯದು ತೋರುಬೆರಳು, ಹೆಬ್ಬೆರಳಿನ ತುದಿಗೆ ಮಾತ್ರ ಮಡಚುವ ಟೋಪಿ ಇರುವುದು. ನಾರ್ವೆಯ ವಾಲೆರೆಟ್ ಕಂಪನಿ ಇಂಥವಕ್ಕೇ ಹೆಸರುವಾಸಿ. ಮಡಚಿದ ಟೋಪಿ ಕಣ್ಣಿಗೆ ಅಡ್ಡ ಬರದಂತೆ ಮ್ಯಾಗ್ನೆಟ್ ಇಟ್ಟಿರುತ್ತಾರೆ. ಈ ಜಾತಿಯಲ್ಲಿ ನೋಡಬೇಕಾದ ಜಾಗ ಒಂದೇ, ಟೋಪಿ ಮತ್ತು ಬೆರಳು ಸೇರುವ ಸೀಳು. ಅಲ್ಲಿಂದ ಗಾಳಿ ನುಗ್ಗುತ್ತದೆ. ಬೆರಳು ಮಡಚಿ ನೋಡಿ, ಸೀಳು ತಾನಾಗಿ ತೆರೆದುಕೊಂಡರೆ ವಾಪಸ್ ಇಟ್ಟುಬಿಡಿ. ಮೂರನೆಯದು ನಾಲ್ಕೂ ಬೆರಳಿನ ಮೇಲೆ ಒಂದೇ ಹೊದಿಕೆ ಹಿಂದಕ್ಕೆ ಮಡಚುವ ಮಿಟನ್.

ನಾಲ್ಕನೆಯದು ಗ್ಲೌಸ್ ಅಲ್ಲ, ಪದರಗಳ ಜೋಡಣೆ. ನನ್ನ ಓಟು ಇದಕ್ಕೇ. ಒಳಗೆ ಮೈಗಂಟಿದಂಥ ತೆಳ್ಳಗಿನ ಗ್ಲೌಸ್. ಉಣ್ಣೆಯದೋ ತೆಳು ಫ್ಲೀಸ್‌ನದೋ. ಇದಕ್ಕೆ ಲೈನರ್ ಅಂತ ಹೆಸರು. ಅದರ ಮೇಲೆ ದಪ್ಪ ಮಿಟನ್. ಆಸ್ಟ್ರಿಯಾದ ಹೀಟ್ ಕಂಪನಿ ಈ ಲೆಕ್ಕದಲ್ಲೇ ಪದರ ಪದರವಾಗಿ ಮಾಡಿ ಮಾರುತ್ತದೆ, ಆದರೆ ಒಂದೇ ಕಂಪನಿಯದು ಆಗಬೇಕು ಅಂತೇನೂ ಇಲ್ಲ. ಬಿಡಿಬಿಡಿಯಾಗಿ ಜೋಡಿಸಿಕೊಳ್ಳಬಹುದು. ನಿಯಮ ಒಂದೇ. ಒದ್ದೆಯಾಗಿ ಬದಲಿಸುವ ಹೊತ್ತು ಬಿಟ್ಟರೆ, ಮನೆಯಿಂದ ಹೊರಟಾಗ ಹಾಕಿದ ಲೈನರ್ ವಾಪಸ್ ಬರುವವರೆಗೂ ಕೈ ಬಿಡಬಾರದು. ಕಾಯುವಾಗ ಮಿಟನ್ ಒಳಗೆ ಕೈ. ಫೋಟೋ ಹೊತ್ತಿಗೆ ಮಿಟನ್ ಜಾರಿಸಿ ಲೈನರ್‌ನಲ್ಲಿ ಕ್ಲಿಕ್. ಮತ್ತೆ ಒಳಗೆ. ಬರಿ ಚರ್ಮ ಲೋಹ ಮುಟ್ಟುವ ಮಾತೇ ಇಲ್ಲ.

ಜಾರಿಸಿದ ಮಿಟನ್ ಎಲ್ಲಿ ಹೋಗಬೇಕು? ಇದು ಸಣ್ಣ ಪ್ರಶ್ನೆ ಅಲ್ಲ. ಹಲ್ಲಲ್ಲಿ ಕಚ್ಚಿದರೆ ಉಸಿರಿನ ತೇವ ತಾಗಿ ಅದರ ಬಾಯಿ ಹೆಪ್ಪುಗಟ್ಟುತ್ತದೆ. ಕಂಕುಳಲ್ಲಿ ಸಿಕ್ಕಿಸಿದರೆ ಕ್ಯಾಮೆರಾ ಎತ್ತಿದ ಕೂಡಲೇ ಬೀಳುತ್ತದೆ. ಹಿಮದ ಮೇಲೆ ಇಟ್ಟರೆ ಒಳಗೆ ಹಿಮ ಸೇರುತ್ತದೆ, ಗಾಳಿ ಇದ್ದರೆ ಮಿಟನ್ನೇ ಹೋಗುತ್ತದೆ. ಪುಟ್ಟ ಮಕ್ಕಳ ಮಿಟನ್‌ಗೆ ಕಟ್ಟಿರುತ್ತಾರಲ್ಲ, ತೋಳಿನೊಳಗಿಂದ ಹಾಯುವ ಒಂದು ದಾರ, ಅದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಮಣಿಕಟ್ಟಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿಯಾದರೂ ಇರುವ ಮಿಟನ್ ತಗೊಳ್ಳಿ. ನೇತಾಡಿಕೊಂಡಿರಲಿ.

ಬಟ್ಟೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೆಚ್ಚಗಿಡುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಬಿದ್ದ ಗಾಳಿ. ಉಣ್ಣೆ ತೇವ ಕುಡಿದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಹತ್ತಿ ಬೇಡವೇ ಬೇಡ, ಬೆವರು ಕುಡಿದು ತಣ್ಣನೆ ಪಟ್ಟಿಯಂತೆ ಅಂಟಿಕೊಳ್ಳುತ್ತದೆ. ಹಕ್ಕಿಯ ತುಪ್ಪಳ ಒಣಗಿದ್ದಾಗ ರಾಜ, ಒದ್ದೆಯಾದರೆ ಮುದ್ದೆ. ಪ್ರಿಮಾಲಾಫ್ಟ್, ಥಿನ್ಸುಲೇಟ್‌ನಂಥ ಕೃತಕ ನಾರು ಒದ್ದೆಯಾದರೂ ಅಷ್ಟು ಸೊರಗುವುದಿಲ್ಲ. ಅಂಗೈ ಕಡೆಗೆ ಮೇಕೆ ಚರ್ಮವೋ ಸಿಲಿಕೋನ್ ಚುಕ್ಕೆಗಳೋ ಇದ್ದರೆ ಕ್ಯಾಮೆರಾ ಜಾರುವುದಿಲ್ಲ. ಬರಿ ಉಣ್ಣೆಯ ಲೈನರ್‌ನಲ್ಲಿ ನುಣುಪಾದ ಲೆನ್ಸ್ ಹಿಡಿಯುವುದು ಸೋಪು ಹಚ್ಚಿದ ಕೈಯಲ್ಲಿ ಹಿಡಿದ ಹಾಗೆ.

ಗಾಳಿಯನ್ನು ಮಾತ್ರ ಹಗುರಾಗಿ ಕಾಣಬೇಡಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ. ಕೆನಡಾ, ಅಮೆರಿಕದ ಹವಾಮಾನ ಇಲಾಖೆಗಳು 2001ರಿಂದ ಬಳಸುವ ಸೂತ್ರದ ಲೆಕ್ಕ ಇದು. ಸಡಿಲ ಹೆಣಿಗೆಯ ಉಣ್ಣೆ ಗ್ಲೌಸ್ ಒಳಗಿನ ಬಿಸಿ ಗಾಳಿಯನ್ನು ಬೀಸುಗಾಳಿ ಒಂದೇ ಸಲಕ್ಕೆ ಗುಡಿಸಿ ಹಾಕುತ್ತದೆ. ಮೇಲಿನ ಪದರ ಗಾಳಿ ತಡೆಯುವಂಥದ್ದೇ ಆಗಿರಬೇಕು. ಪರೀಕ್ಷೆ ಸುಲಭ, ಬಟ್ಟೆಯನ್ನು ಬಾಯಿಗೆ ಹಿಡಿದು ಜೋರಾಗಿ ಊದಿ. ಆಚೆ ಬದಿಗೆ ಹಿಡಿದ ಕೈಗೆ ಉಸಿರು ತಾಗಿದರೆ ಗಾಳಿಯೂ ತಾಗುತ್ತದೆ.

ಅಳತೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೇನೆ. ಬಿಗಿಯಾದ ಗ್ಲೌಸಿನಲ್ಲಿ ಕೈ ಚೆನ್ನಾಗಿ ಆಡುತ್ತದೆ ಅಂತ ಒಂದು ಸೈಜು ಕಮ್ಮಿ ತಗೊಂಡಿದ್ದೆ. ಬಿಗಿಯಾದರೆ ಎರಡು ನಷ್ಟ. ನಾರಿನ ನಡುವಿನ ಗಾಳಿ ಹಿಂಡಿಹೋಗುತ್ತದೆ, ಬೆರಳಿನ ರಕ್ತವೂ ಹಿಂಡಿಹೋಗುತ್ತದೆ. ಸಡಿಲವಾದರೆ ಬೆರಳ ತುದಿಯ ಮುಂದೆ ಖಾಲಿ ಬಟ್ಟೆ ಉಳಿದು ಎರಡು ಬಟನ್ ಒಟ್ಟಿಗೆ ಒತ್ತುತ್ತದೆ. ಟೇಪಿನಿಂದ ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆ ತೆಗೆಯಿರಿ, ನಡುಬೆರಳಿನ ಉದ್ದ ತೆಗೆಯಿರಿ, ಎರಡನ್ನೂ ಕಂಪನಿಯ ಪಟ್ಟಿಗೆ ಹೋಲಿಸಿ. ಲೈನರ್ ತುದಿಯಲ್ಲಿ ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ಖಾಲಿ ಬೇಡ. ಮಿಟನ್ನನ್ನು ಲೈನರ್ ಹಾಕಿಕೊಂಡೇ ಹಾಕಿ ನೋಡಿ. ಮುಷ್ಟಿ ಕಟ್ಟಿದಾಗ ಬೆರಳ ಸಂದಿಯಲ್ಲಿ ಎಳೆತ ಬರಬಾರದು. ಕ್ಯಾಮೆರಾ ಹಿಡಿದ ಕೈ ಯಾವಾಗಲೂ ಅರ್ಧ ಮುಷ್ಟಿಯಲ್ಲೇ ಇರುತ್ತದಲ್ಲ.

ಚಳಿಯಲ್ಲಿ ಕೆಲಸ ಮಾಡುವವರ ಗ್ಲೌಸ್ ಮೇಲೆ ಇಎನ್ 511 ಅನ್ನುವ ಯುರೋಪಿನ ಗುರುತು ಇರುತ್ತದೆ, ಜೊತೆಗೆ ಮೂರು ಅಂಕೆ. ಮೊದಲನೆಯದು ಚಳಿಗಾಳಿಗೆ, ಎರಡನೆಯದು ತಣ್ಣನೆ ವಸ್ತುವನ್ನು ಮುಟ್ಟುವುದಕ್ಕೆ. ಇವೆರಡೂ 0ಯಿಂದ 4ರವರೆಗೆ. ಮೂರನೆಯದು ನೀರು ತಡೆಯುತ್ತದೋ ಇಲ್ಲವೋ. ಟ್ರೈಪಾಡ್ ಹೊರುವ ನಮಗೆ ಎರಡನೇ ಅಂಕೆ ಮುಖ್ಯ. ಇನ್ನೊಂದು ಪರೀಕ್ಷೆ ಕೈಚಳಕದ್ದು. ಗ್ಲೌಸ್ ಹಾಕಿದ ಕೈಯಿಂದ ಒಂದು ಲೋಹದ ಕಡ್ಡಿಯನ್ನು 30 ಸೆಕೆಂಡಿನಲ್ಲಿ ಮೂರು ಸಲ ಎತ್ತಬೇಕು. 11 ಮಿಲಿಮೀಟರ್ ದಪ್ಪದ ಕಡ್ಡಿ ಎತ್ತಿದರೆ 1ನೇ ದರ್ಜೆ, 5 ಮಿಲಿಮೀಟರ್‌ನದು ಎತ್ತಿದರೆ 5ನೇ ದರ್ಜೆ. ನನಗೆ ಇದು ತುಂಬ ಇಷ್ಟವಾಯಿತು. ಆದರೆ ನಮ್ಮ ಎಸ್‌ಡಿ ಕಾರ್ಡ್ ದಪ್ಪ ಬರೀ 2.1 ಮಿಲಿಮೀಟರ್! 5ನೇ ದರ್ಜೆಯ ಗ್ಲೌಸ್ ಕೂಡ ಅದಕ್ಕೆ ಭರವಸೆ ಕೊಡುವುದಿಲ್ಲ.

ಕಾರ್ಡ್ ಬದಲಿಸುವುದನ್ನು ಒಮ್ಮೆ ನಿಧಾನವಾಗಿ ನೋಡಿ. ಬಾಗಿಲು ಸರಿಸಬೇಕು. ಕಾರ್ಡನ್ನು ಉಗುರಿನಿಂದ ಒಳಕ್ಕೆ ಒತ್ತಬೇಕು, ಸ್ಪ್ರಿಂಗ್ ಅದನ್ನು ಚೂರೇ ಚೂರು ಹೊರಗೆ ತಳ್ಳುತ್ತದೆ. ಆ ಅಂಚನ್ನು ಎರಡು ಬೆರಳ ತುದಿಯಲ್ಲಿ ಚಿವುಟಿ ಎಳೆಯಬೇಕು. ಗ್ಲೌಸಿನಲ್ಲಿ ಉಗುರೂ ಇಲ್ಲ, ಚಿವುಟುವುದೂ ಆಗುವುದಿಲ್ಲ. ಒಮ್ಮೆ ನಾನು ಹೀಗೆ ಎಳೆದ ಕಾರ್ಡ್ ಬಟ್ಟೆಯ ಮೇಲಿಂದ ಜಾರಿ ಪುಡಿ ಹಿಮದೊಳಗೆ ಬಿತ್ತು. ಬಿದ್ದ ಜಾಗದಲ್ಲಿ ಒಂದು ಸಣ್ಣ ಗೀಟು ಮಾತ್ರ ಕಾಣುತ್ತಿತ್ತು. ಹುಡುಕಲು ಗ್ಲೌಸ್ ಬಿಚ್ಚಿದೆ. ಕಾರ್ಡ್ ಸಿಕ್ಕಿತು. ಬೆರಳಿಗೆ ಜೀವ ಬರಲು ಅರ್ಧ ಗಂಟೆ ಬೇಕಾಯಿತು.

ಈಗ ನಾನು ಆ ಕೆಲಸವೇ ಬಾರದ ಹಾಗೆ ಹೊರಡುತ್ತೇನೆ. ಗ್ಲೌಸ್ ಆಯ್ಕೆಯಲ್ಲಿ ಇದೂ ಸೇರಿದ್ದು. ಬೆರಳಿನ ಕೆಲಸ ಕಮ್ಮಿ ಮಾಡಿದಷ್ಟೂ ದಪ್ಪ ಗ್ಲೌಸ್ ಹಾಕುವ ಸ್ವಾತಂತ್ರ್ಯ ಸಿಗುತ್ತದೆ. ದೊಡ್ಡ ಕಾರ್ಡ್ ಮನೆಯಲ್ಲೇ ಹಾಕಿಬಿಡಿ. ಟ್ರೈಪಾಡ್ ಪ್ಲೇಟಿನ ಆ ಕಾಲು ಇಂಚಿನ ಸ್ಕ್ರೂವನ್ನು ಒಳಗೆ ಕೂತಾಗಲೇ ಬಿಗಿ ಮಾಡಿ. ಫಿಲ್ಟರ್ ತಿರುಪುವುದೂ ಒಳಗೇ. ಮೆನುವಿನಲ್ಲಿ ಮೂರು ಮೆಟ್ಟಿಲು ಇಳಿದು ಬದಲಿಸುವಂಥದ್ದನ್ನೆಲ್ಲ ಒಂದು ಬಟನ್‌ಗೆ ಕಟ್ಟಿಹಾಕಿ. ಬಟನ್‌ಗಳು ಗ್ಲೌಸಿನಲ್ಲಿ ಗುರುತು ಸಿಗದಿದ್ದರೆ ಅದರ ಮೇಲೆ ಉಬ್ಬಿದ ಅಂಟುಬೊಟ್ಟು ಅಂಟಿಸಿ. ಬ್ಯಾಟರಿ ಮಾತ್ರ ಬದಲಿಸಲೇಬೇಕಾಗುತ್ತದೆ, ಚಳಿಗೆ ಅದು ಬೇಗ ಸೋಲುತ್ತದೆ. ಅದು ದಪ್ಪಗಿದೆ, ಲೈನರ್‌ನಲ್ಲೇ ಎಳೆಯಬಹುದು. ಇನ್ನೊಂದನ್ನು ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ಟ್ರೈಪಾಡ್ ಕಾಲಿಗೆ ಫೋಮ್ ಸುತ್ತಿ.

ಟಚ್ ಸ್ಕ್ರೀನಿನ ಕಥೆ ಚಿಕ್ಕದು. ಆ ಪರದೆಗೆ ಬೇಕಾದದ್ದು ಒತ್ತಡವಲ್ಲ, ವಿದ್ಯುತ್ ಹಾಯಬಲ್ಲ ಒಂದು ವಸ್ತು. ಬೆರಳಿಗೆ ಆ ಗುಣವಿದೆ, ಉಣ್ಣೆಗಿಲ್ಲ. ಅದಕ್ಕೇ ಲೈನರ್ ತುದಿಗೆ ಬೆಳ್ಳಿ ಅಥವಾ ತಾಮ್ರದ ಎಳೆ ಸೇರಿಸಿ ನೇಯುತ್ತಾರೆ. ಹೊಸದರಲ್ಲಿ ಚೆನ್ನಾಗಿರುತ್ತದೆ, ಸವೆದ ಮೇಲೆ ಹತ್ತು ಸಲ ಕುಟ್ಟಬೇಕು. ನಾನು ಪರದೆಯ ಸ್ಪರ್ಶವನ್ನೇ ಆಫ್ ಮಾಡಿಟ್ಟಿರುತ್ತೇನೆ. ಇಲ್ಲದಿದ್ದರೆ ವ್ಯೂಫೈಂಡರ್‌ಗೆ ಕಣ್ಣಿಟ್ಟಾಗ ಮೂಗು ತಾಗಿ ಫೋಕಸ್ ಎಲ್ಲೋ ಮೂಲೆಗೆ ಓಡಿರುತ್ತದೆ.

ಬೆವರು. ಚಳಿಯಲ್ಲಿ ಬೆವರೇ ಅಂತ ಕೇಳಬೇಡಿ. ಚೀಲ ಹೊತ್ತು ಏರು ಹತ್ತುವಾಗ ಮಿಟನ್ ಒಳಗೆ ಕೈ ಬೆವರುತ್ತದೆ. ಮೇಲೆ ಹೋಗಿ ನಿಂತ ಕೂಡಲೇ ಆ ತೇವ ನಿಮ್ಮ ಮೇಲೆ ಹಗೆ ತೀರಿಸಿಕೊಳ್ಳುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಶಾಖ ಸಾಗಿಸುತ್ತದೆ. ಆದ್ದರಿಂದ ಹತ್ತುವಾಗ ಲೈನರ್ ಮಾತ್ರ. ಕೈ ತುಸು ತಣ್ಣಗೆ ಅನ್ನಿಸುವಂತೆಯೇ ನಡೆಯಿರಿ. ನಿಂತ ಮೇಲೆ, ಒಣಗಿದ ಇನ್ನೊಂದು ಜೊತೆ ಲೈನರ್‌ಗೆ ಬದಲಿಸಿ, ಮಿಟನ್ ಹಾಕಿ. ಆ ಎರಡನೇ ಜೊತೆ ಲೈನರ್ ನನ್ನ ಚೀಲದಲ್ಲಿ ಬಿಡಿ ಬ್ಯಾಟರಿಯಷ್ಟೇ ಖಾಯಂ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬರು, ಬಿಸಿ ಪ್ಯಾಕೆಟ್ ಇಟ್ಟುಕೊಂಡರೆ ಇಷ್ಟೆಲ್ಲ ರಗಳೆ ಯಾಕೆ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆ ಪ್ಯಾಕೆಟ್ಟಿನೊಳಗೆ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಬಿಸಿ ಬರುತ್ತದೆ. ಕಿಟಕಿ ಸರಳಿಗೆ ವರ್ಷಗಟ್ಟಲೆ ಆಗುವುದನ್ನು ಇಲ್ಲಿ ಕೆಲವು ಗಂಟೆಗಳಲ್ಲಿ ಮಾಡಿಸುತ್ತಾರೆ. ಅದಕ್ಕೆ ಗಾಳಿ ಬೇಕೇ ಬೇಕು. ಗಾಳಿಯಾಡದ ಬಿಗಿ ಗ್ಲೌಸಿನಲ್ಲಿ ತುರುಕಿದರೆ ಮಂಕಾಗುತ್ತದೆ. ಅರ್ಧಕ್ಕೆ ನಿಲ್ಲಿಸಬೇಕಾದರೆ ಗಾಳಿ ಹೋಗದ ಜಿಪ್ ಕವರಿನಲ್ಲಿ ಹಾಕಿಡಬಹುದು. ಅಂಗೈಯಲ್ಲಿ ಇಟ್ಟರೆ ಕ್ಯಾಮೆರಾ ಹಿಡಿತ ತಪ್ಪುತ್ತದೆ, ಕೈಯ ಹಿಂಬದಿಗೆ ಇಡಿ. ಹಿಂಬದಿಯಲ್ಲಿ ಅದಕ್ಕೆಂದೇ ಜೇಬು ಇರುವ ಮಿಟನ್ ಸಿಗುತ್ತವೆ. ಮರಗಟ್ಟಿದ ಚರ್ಮಕ್ಕೆ ಮಾತ್ರ ನೇರವಾಗಿ ತಾಗಿಸಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸನ್ನೂ ಕೆಲವರು ಮೆಚ್ಚುತ್ತಾರೆ. ನನ್ನ ಅನುಮಾನ ಒಂದೇ. ಬ್ಯಾಟರಿ ಮುಗಿದ ಮೇಲೂ ಅದು ಒಳ್ಳೆಯ ಗ್ಲೌಸ್ ಆಗಿ ಉಳಿಯುತ್ತದೆಯೇ ನೋಡಿಕೊಂಡು ತಗೊಳ್ಳಿ.

ಇನ್ನೊಬ್ಬರು ಕೇಳಿದ್ದು, ಬೆರಳು ಮರಗಟ್ಟಿಬಿಟ್ಟರೆ ಅಲ್ಲೇ ಏನು ಮಾಡುವುದು? ತೋಳನ್ನು ಗಿರಗಿರ ಚಕ್ರದ ಹಾಗೆ ತಿರುಗಿಸಿ, ರಕ್ತ ತುದಿಗೆ ಚಿಮ್ಮುತ್ತದೆ. ಆಗಲಿಲ್ಲ ಅಂದರೆ ಜಾಕೆಟ್ ಒಳಗೆ ಕಂಕುಳಲ್ಲಿ ಇಟ್ಟುಕೊಳ್ಳಿ. ನೋವು ಇದ್ದಷ್ಟೂ ಬೆರಳು ಮಾತಾಡುತ್ತಿದೆ ಅಂತ ಅರ್ಥ. ನೋವು ನಿಂತು, ಬೆರಳು ಬೆಳ್ಳಗೆ ಮೇಣದಂತಾದರೆ ಫೋಟೋ ಸಾಕು, ಒಳಗೆ ಹೋಗಿ. ಹಿಮದಿಂದ ಉಜ್ಜುವ ಹಳೇ ಪದ್ಧತಿ ತಪ್ಪು. ಉಜ್ಜುವುದೇ ತಪ್ಪು. ಮತ್ತೆ ಚಳಿಗೆ ಹೋಗುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಮೈಬಿಸಿಗಿಂತ ಚೂರು ಮೇಲಿರುವ, 37ರಿಂದ 39 ಡಿಗ್ರಿಯ ನೀರಲ್ಲಿ ಅದ್ದಿ, ಡಾಕ್ಟರಿಗೆ ತೋರಿಸಿ. ಸಣ್ಣ ಚಳಿಗೇ ಬೆರಳು ಬೆಳ್ಳಗೆ, ನೀಲಿ, ಆಮೇಲೆ ಕೆಂಪಗೆ ಆಗುವವರು ಇದ್ದಾರೆ. ಅದಕ್ಕೆ ರೇನೋ ಅಂತ ಹೆಸರು. ಅಂಥವರು ಗ್ಲೌಸ್ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಕೊನೆಯಲ್ಲಿ ಒಬ್ಬ ಹುಡುಗಿ, ‘ಸರಿ, ಒಂದೇ ಜೊತೆ ತಗೊಳ್ಳೋದಾದರೆ ಯಾವುದು?’ ಅಂತ ಕೇಳಿದಳು. ಒಂದೇ ಅಂದರೆ ತೆಳ್ಳಗಿನ ಲೈನರ್, ಅಂಗೈಗೆ ಹಿಡಿತ ಇರುವಂಥದ್ದು. ದಪ್ಪ ಮಿಟನ್ ಯಾರ ಹತ್ತಿರವಾದರೂ ಸಾಲ ಸಿಗುತ್ತದೆ, ಅದಕ್ಕೆ ಅಳತೆ ಅಷ್ಟು ಕರಾರುವಾಕ್ಕಾಗಿ ಬೇಕಿಲ್ಲ. ಲೈನರ್ ಮಾತ್ರ ನಿಮ್ಮ ಬೆರಳಿನದೇ ಆಗಿರಬೇಕು.

ಈ ಮೇಜಿನ ಮೇಲೆ ಮೂರು ಜೊತೆ ಗ್ಲೌಸ್, ಒಂದು ಕ್ಯಾಮೆರಾ ಇಟ್ಟಿದ್ದೇನೆ. ಹೋಗುವ ಮೊದಲು ಒಬ್ಬೊಬ್ಬರಾಗಿ ಬಂದು ಹಾಕಿಕೊಂಡು, ಕಣ್ಣು ಮುಚ್ಚಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಬದಲಿಸಿ ಅರ್ಧ ಒತ್ತಿ ಪೂರ್ತಿ ಒತ್ತಿ ನೋಡಿ. ಧೈರ್ಯ ಇದ್ದವರು ಕಾರ್ಡ್ ತೆಗೆಯಲೂ ಪ್ರಯತ್ನಿಸಬಹುದು. ಕೆಳಗೆ ಬಿದ್ದರೆ ದಯವಿಟ್ಟು ಹುಡುಕಿಕೊಡಿ, ಹೋದ ವಾರದ ಫೋಟೋಗಳನ್ನು ನಾನಿನ್ನೂ ಇಳಿಸಿಕೊಂಡಿಲ್ಲ.